ಎರಡು ಟವೆಲ್ಲುಗಳ ಸೀಟಿನ ಮಹಾಸಮರ

ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಸೀಟು ಹಿಡಿಯುವ ಸಕಲ ಪ್ರಯಾಣಿಕರನ್ನೂ ಪೊರೆವ ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ನೆಲೆಸು! ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದಲ್ಲಿ, ಭರತಖಂಡದಲ್ಲಿ, ಕೊಪ್ಪಳ ಬಸ್‌ಸ್ಟ್ಯಾಂಡಿನ ಗದಗ ಪ್ಲಾಟ್‌ಫಾರ್ಮಿನಲ್ಲಿ ಹುಟ್ಟಿದ ಆ ಘೋರಸಂಗ್ರಾಮವನ್ನು ಹೇಳುತ್ತೇನೆ, ಕೇಳಿ.

ಅರ್ಥಶಾಸ್ತ್ರಾರ್ಣವಪೂರ್ಣಚಂದ್ರರೂ, ವಿದ್ಯಾರ್ಥಿಹೃದಯಕಂಪನರೂ, ಆದರೆ ಕಟಿಶೂಲಪೀಡಿತರೂ ಆದ ಪ್ರೊಫೆಸರ್ ಶಿವಪುತ್ರಪ್ಪ ಬೂದಿಹಾಳರು ಗೇಮ್ ಥಿಯರಿಯಲ್ಲಿ ಪಾರಂಗತರು. ಎದುರಾಳಿಯ ನಡೆಯನ್ನು ಮೊದಲೇ ಊಹಿಸಿ ತನ್ನ ನಡೆಯನ್ನು ಗುಣಿಸುವ ವಿದ್ಯೆ ಅದು. ಅಂದು ಮಧ್ಯಾಹ್ನ ಗದಗದ ಕಾಲೇಜೊಂದರಲ್ಲಿ ‘ಜಗಳ ಗೆಲ್ಲುವ ಗಣಿತ’ ಎಂಬ ಉಪನ್ಯಾಸ ಕೊಡಬೇಕಿತ್ತು. “ನಿಂತು ಪ್ರಯಾಣ ಮಾಡಿದ್ರೋ, ಆಮ್ಯಾಲ ನಿಮ್ಮ ಸೊಂಟ ನನ್ನ ಕೈಯಾಗ ಇರಂಗಿಲ್ಲ” ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಪ್ರೊಫೆಸರರಿಗೆ ಸೀಟು ಬೇಕೇ ಬೇಕಿತ್ತು.

ಧೂಳೆಬ್ಬಿಸುತ್ತ, ಹೊಗೆಯುಗುಳುತ್ತ ಕೆಂಪು ಬಸ್ಸು ಬಂತು. ನಿಲ್ಲುವ ಮೊದಲೇ ಪ್ರೊಫೆಸರರು ತಮ್ಮ ಶುಭ್ರಧವಳ ಟವೆಲನ್ನು ಕಿಟಕಿಯೊಳಗೆ ಪ್ರಯೋಗಿಸಿದರು. ಅದೇ ಕಿಟಕಿಯಿಂದ, ಅದೇ ಸೀಟಿಗೆ, ಅದೇ ಕ್ಷಣದಲ್ಲಿ ಇನ್ನೊಂದು ಕೆಂಪಂಚಿನ ಟವೆಲ್ ಬಿತ್ತು. ಅದರ ಒಡೆಯ ಬೆಲ್ಲದುಂಡೆಯಂಥ ಹೊಟ್ಟೆಯ ಗುಡೋದರನೂ ಜಾನುವೇದನಾಜರ್ಜರನೂ ಆದ ಬೆಲ್ಲದ ವ್ಯಾಪಾರಿ ಹೊನ್ನೂರಪ್ಪ. ಹಾಕಿದ ಟವೆಲೆಂದರೆ ಹಾಕಿದವನ ತಲೆಯ ರುಮಾಲಿಗೆ ಸಮ. ಪರರದನ್ನು ಎತ್ತುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ. ತನ್ನದನ್ನು ತಾನೇ ತೆಗೆದರೆ ಸೋತಂತೆ. ಇದು ಆ ಸೀಮೆಯ ಬಸ್‌ಧರ್ಮ.

“ನಮ್ಮಪ್ಪ ಜೀವಮಾನ ಪೂರ್ತಿ ಕೋರ್ಟಿಗೆ ಅಡ್ಡಾಡಿದಾ, ಗೇಣು ಬದು ಬಿಡಲಿಲ್ರಿ! ಅಂಥಾವನ ಮಗ ನಾನು. ಸೀಟ್ ಬಿಡ್ತೀನೇನು?” ಎಂದು ಹೊನ್ನೂರಪ್ಪ ಗರ್ಜಿಸಿದ.

ಪ್ರೊಫೆಸರರು ಮಂದಹಾಸ ಬೀರಿದರು. “ಕೇಳಪಾ ಬೆಲ್ಲದ ಸಾಹುಕಾರ! ನಾ ಹಿಂದ ಸರಿಯೂದು ಸಾಧ್ಯನ ಇಲ್ಲಂತ ಖಾತ್ರಿ ಆದ ಕೂಡಲೇ ನೀ ಸರೀಬೇಕು. ಇದು ಗಣಿತ! ಮನಿದೇವರು ವೀರಭದ್ರನ ಆಣಿ, ನನ್ನ ಟವೆಲ್ ನಾ ತಗಿಯಂಗಿಲ್ಲ!”

“ಹುಲಿಗೆಮ್ಮನ ಆಣಿ, ನಾನೂ ತಗಿಯಂಗಿಲ್ಲ!”

ಎದುರಾಳಿಗೂ ಒಬ್ಬ ದೇವಿಯಿದ್ದರೆ ಏನು ಮಾಡಬೇಕೆಂದು ಗಣಿತ ಹೇಳಿರಲಿಲ್ಲ. ಬಸ್ಸು ಹೊರಟಿತು. ಕಾಲಿಡಲು ಜಾಗವಿಲ್ಲದ ಆ ಜನಸಾಗರದ ನಡುವೆ ಕಿಟಕಿ ಪಕ್ಕದ ಸೀಟೊಂದು ಖಾಲಿ, ಆ ಸಾಲಿನ ಹಿಂದೊಬ್ಬರು ಮುಂದೊಬ್ಬರು ಎಂಬಂತೆ ಇಬ್ಬರು ಮಹಾರಥಿಗಳು ಕಂಬಿ ಹಿಡಿದು ನಿಂತಿದ್ದರು.

“ಬನ್ನಿಕೊಪ್ಪದ ತನಾ ಒಬ್ರು, ಮುಂದ ಒಬ್ರು ಕುಂದರ್ರಲಾ, ಏನು ಗಂಟು ಹೋಕ್ಕೈತಿ?” ಎಂದಳು ಪಕ್ಕದ ಸೀಟಿನ ಮುದುಕಿ.

ಪ್ರೊಫೆಸರರ ಸೊಂಟದಲ್ಲಿ ಸೂಜಿ ಆಡುತ್ತಿತ್ತು. ‘ಹೂಂ’ ಎನ್ನುವುದು ತುಟಿಯ ತನಕ ಬಂತು. ಆದರೆ ಮೊದಲು ಒಪ್ಪಿದವನ ದೌರ್ಬಲ್ಯ ಬಯಲಾಗುತ್ತದೆಂಬ ಶಾಸ್ತ್ರ ನೆನಪಾಗಿ ನುಂಗಿಕೊಂಡರು. ಹೊನ್ನೂರಪ್ಪನೂ ಮೊಣಕಾಲು ಉಜ್ಜಿಕೊಳ್ಳುತ್ತ ಅವರ ಬಾಯನ್ನೇ ನೋಡುತ್ತಿದ್ದ.

“ಹಂಗಾರ ನಾನರ ಕಿಟಕಿ ಕಡೆ ಸರೀತೀನಿ” ಎಂದಳು ಮುದುಕಿ.

“ಟವೆಲ್ ಐತಿ, ಮುಟ್ಟಬ್ಯಾಡ!” ಎಂದು ವೀರರಿಬ್ಬರೂ ಒಕ್ಕೊರಲಿನಿಂದ ಅಬ್ಬರಿಸಿದರು. ಇಡೀ ದಾರಿಯಲ್ಲಿ ಅವರು ಒಪ್ಪಿದ್ದು ಅದೊಂದೇ ಮಾತು.

ಬನ್ನಿಕೊಪ್ಪ ಹೋಯಿತು, ಲಕ್ಕುಂಡಿ ಹೋಯಿತು, ಗದಗ ಬಂತು. ಜನರೆಲ್ಲ ದಡಬಡ ಇಳಿದರು. ಎರಡು ಟವೆಲ್ಲುಗಳು ಗಾಳಿ ತಗೊಂಡು ಆರಾಮಾಗಿ ಕೂತು ಬಂದಿದ್ದವು. ಪ್ರಯಾಣವೇ ಮುಗಿದ ಮೇಲೆ ತೆಗೆದರೆ ಆಣೆ ತಪ್ಪಿದಂತಲ್ಲ ಎಂದು ತರ್ಕಿಸಿ ಪ್ರೊಫೆಸರರು ತಮ್ಮದನ್ನು ಎತ್ತಲು ಬಗ್ಗಿದರು. ಬಗ್ಗಿದವರು ಮೇಲೇಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು.

“ಯವ್ವಾ!” ಎಂದರು ಅರ್ಥಶಾಸ್ತ್ರಾರ್ಣವಪೂರ್ಣಚಂದ್ರರು.

ಹೊನ್ನೂರಪ್ಪ ಗಾಬರಿಯಾಗಿ ಎರಡೂ ಟವೆಲ್ಲುಗಳನ್ನು ಬಾಚಿ ಹೆಗಲಿಗೆ ಹಾಕಿಕೊಂಡ, ಕುಂಟುತ್ತಲೇ ಅವರ ತೋಳು ಹಿಡಿದು ಮೆಲ್ಲಗೆ ಕೂರಿಸಿದ. “ಕುಂದರ್ರಿ ಸರ, ಕುಂದರ್ರಿ. ಸೀಟ್ ನಿಮ್ದ.”

ಹೀಗೆ ಶಿವಪುತ್ರಪ್ಪನವರು ಆ ಸಿಂಹಾಸನವನ್ನು ಗೆದ್ದು ಆರೋಹಣ ಮಾಡಿದರು. ಬಾಗಿಲಲ್ಲಿ ಕಂಡಕ್ಟರ್ ಸೀಟಿ ಊದಿದ.

“ಯಜಮಾನ್ರ, ಗದಗ ಬಂತು. ಲಗೂನ ಇಳೀರಿ, ಬಸ್ ತೊಳೀಬೇಕು.”