ಜಿರಳೆಗೆ ಕಟ್ಟಿದ ಪಂಚಮಿ ಉಂಡಿ

ಜಿರಳೆ ಓಡಿಸುವುದು ಅಂಥ ದೊಡ್ಡ ಕೆಲಸವಲ್ಲ ಎಂದೇ ನಾನು ತಿಳಿದಿದ್ದೆ. ಹಾಗೆ ತಿಳಿಯಲು ಕಾರಣವೂ ಇತ್ತು. ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿ ಅಂಗಡಿಯೊಂದರ ಗುಮಾಸ್ತ ನಾನು. ಇಲಿ, ಹೆಗ್ಗಣ, ನುಸಿಗಳ ನಡುವೆಯೇ ನನ್ನ ತಲೆ ಬೆಳ್ಳಗಾಗಿದೆ. ಕಡಲೆ ಚೀಲ ಹೊಕ್ಕ ನುಸಿಯನ್ನೇ ಹೊರಗೆ ಹಾಕಿದವನಿಗೆ ಅಡಿಗೆಮನೆಯ ಜಿರಳೆ ಯಾವ ಲೆಕ್ಕ!

ನಮ್ಮ ಮನೆಯಲ್ಲಿ ಜಿರಳೆ ಕಂಡದ್ದು ನನ್ನ ಹೆಂಡತಿ ಸುಮಿತ್ರಾ ತೀರಿಕೊಂಡ ಮೇಲೆ. ಅವಳಿದ್ದಾಗ ಅವು ಎಲ್ಲಿದ್ದವೋ ಗೊತ್ತಿಲ್ಲ. ಬಹುಶಃ ಓಣಿಯ ತುದಿಯಲ್ಲಿ ನಿಂತು ಅವಳ ಕಸಬರಿಗೆಯ ಸಪ್ಪಳ ನಿಲ್ಲುವುದನ್ನೇ ಕಾಯುತ್ತಿದ್ದವು. ನನ್ನನ್ನು ಮಾತಾಡಿಸಲು ಬಂದ ನೆಂಟರೆಲ್ಲ ಹೊರಟುಹೋದರು. ಇವು ಉಳಿದವು.

ಸುದ್ದಿ ಬಯಲಾದದ್ದು ಗಂಗಕ್ಕನಿಂದ. ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ, ಅಮ್ಮಿನಬಾವಿಗೆ ಕೊಟ್ಟವಳು. ತಮ್ಮನಿಗೆ ಬಿಸಿ ರೊಟ್ಟಿ ಬಡಿದು ಹಾಕುತ್ತೇನೆಂದು ಒಂದು ದಿನ ಬಂದು, ಜೋಳದ ಹಿಟ್ಟಿನ ಡಬ್ಬಿ ತೆರೆದಳು. ಒಳಗಿನಿಂದ ಮೈತುಂಬ ಹಿಟ್ಟು ಬಳಿದುಕೊಂಡ ಜಿರಳೆಯೊಂದು, ಪೌಡರ್ ಹಚ್ಚಿಕೊಂಡು ಬೀಗರ ಮನೆಗೆ ಹೊರಟವರ ಹಾಗೆ, ನಿಧಾನಕ್ಕೆ ಹೊರಬಂತು.

"ಶಿವನಽ! ಏನೋ ಇದು ಶಂಕ್ರ್ಯಾ!"

"ಒಂದಽ ಐತಿ, ಬಿಡಕ್ಕಾ," ಅಂದೆ.

ಆ ಒಂದರ ಹಿಂದೆ ಅದರ ಮನೆಮಂದಿಯೂ ಹೊರಬಂದರು.

ಅಕ್ಕ ಹಿಟ್ಟಿನ ಡಬ್ಬಿ ಕೆಳಗಿಟ್ಟು ನ್ಯಾಯ ಹೇಳುವವರ ಹಾಗೆ ಕೂತಳು. "ನೋಡಪಾ, ಪಂಚಮಿಗೆ ಮತ್ತ ಬರ್ತೀನಿ. ಅಷ್ಟರಾಗ ಈ ಅಡಗಿಮನಿ ನೆಟ್ಟಗಾಗಿರಲಿಲ್ಲಂದ್ರ ಮನಿಗೆ ಕೀಲಿ ಹಾಕಿ ನನ್ನ ಜೋಡಿ ಅಮ್ಮಿನಬಾವಿಗೆ ನಡಿ. ಇದು ನಿನ್ನ ಕೈಲೆ ಆಗೂದಲ್ಲ."

ನನಗೆ ಹೋಗುವ ಮನಸ್ಸಿರಲಿಲ್ಲ. ಅಕ್ಕ ಒಳ್ಳೆಯವಳು, ಭಾವನವರೂ ಒಳ್ಳೆಯವರು. ಆದರೆ ಈ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿ ಸುಮಿತ್ರಾ ಇಟ್ಟ ಜಾಗದಲ್ಲೇ ಇದೆ. ಕಣ್ಣು ಮುಚ್ಚಿ ಕೈ ಚಾಚಿದರೂ ಉಪ್ಪೇ ಸಿಗುತ್ತದೆ. ಆ ಜಾಗಕ್ಕೆ ಕೀಲಿ ಹಾಕಿದರೆ ಅವಳು ಇನ್ನೊಮ್ಮೆ ಹೋದ ಹಾಗೆ. ಆದ್ದರಿಂದ ಮನೆಯಲ್ಲಿ ಉಳಿಯುವುದು ನಾನೋ ಜಿರಳೆಯೋ ಎಂಬ ಪ್ರಶ್ನೆ ಎದ್ದಿತು. ಯುದ್ಧ ಸಾರಿಯೇಬಿಟ್ಟೆ!

ಮೊದಲನೆಯದು ಪಲಾವ್ ಎಲೆಯ ಪ್ರಯೋಗ. ಆ ವಾಸನೆ ಜಿರಳೆಗೆ ಆಗುವುದಿಲ್ಲ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದರು. ಮೂಲೆ ಮೂಲೆಗೂ ಎಲೆ ಇಟ್ಟೆ. ಅಡಿಗೆಮನೆ ಮದುವೆ ಊಟದ ವಾಸನೆ ಹೊಡೆಯತೊಡಗಿತು. ಸಂಜೆ ಎತ್ತಿ ನೋಡಿದರೆ ಜಿರಳೆಗಳು ಎಲೆಯನ್ನೇ ಹೊದ್ದುಕೊಂಡು ಮಲಗಿದ್ದವು! ಆಮೇಲೆ ಸೌತೆಕಾಯಿ ಸಿಪ್ಪೆ ಇಟ್ಟೆ. ತಿಂದವು.

ಮೂರನೆಯದು ಸಾಬೂನಿನ ನೀರು. ಬಾಟಲಿಯಲ್ಲಿ ತುಂಬಿ ಗುರಿಯಿಟ್ಟು ಸಿಂಪಡಿಸಿದೆ. ಒಂದು ಜಿರಳೆ ಅಂಗಾತ ಬಿದ್ದು ಕಾಲು ಝಾಡಿಸಿ ಸತ್ತೇಹೋಯಿತು. ಆ ಆನಂದದಲ್ಲಿ ಒಂದು ಹೆಜ್ಜೆ ಮುಂದಿಟ್ಟೆ. ಸಾಬೂನಿನ ನೀರು ನೆಲದ ಮೇಲೂ ಇತ್ತು. ಮರುಕ್ಷಣ ನಾನೂ ಅಂಗಾತ! ಪಕ್ಕದಲ್ಲಿ ಅದು, ಈ ಕಡೆ ನಾನು. ಅದರ ಬಂಧು ಒಬ್ಬರು ಬಂದು ಇಬ್ಬರಲ್ಲಿ ಸತ್ತವರಾರು ಎಂದು ಪರೀಕ್ಷಿಸಿ, ನನ್ನ ಮೀಸೆಯ ಮೇಲೆ ಹಾದುಹೋದರು.

ಗೋಡೆಯ ಆಚೆಯಿಂದ ಶಾರದಕ್ಕನ ದನಿ ಬಂತು. ಶಾರದಕ್ಕ ನಮ್ಮ ನೆರೆಮನೆಯವರು, ಸುಮಿತ್ರಾಳ ಜೀವದ ಗೆಳತಿ.

"ಶಂಕರಣ್ಣಾ, ಏನ್ರಿ ಅದು? ಸಿಲಿಂಡರ್ ಬಿತ್ತೇನು?"

"ಇಲ್ರಿ ಅಕ್ಕಾರ. ಸಿಲಿಂಡರ್ ನಿಂತೈತಿ."

ಅವರು ಬಂದು ನೋಡಿದರು. ನೋಡಿ ತುಟಿ ಕಚ್ಚಿಕೊಂಡರು. ನಗಬೇಕೋ ಅಳಬೇಕೋ ಅವರಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ. ಕೊನೆಗೆ ಹೇಳಿದರು, "ಬೋರಿಕ್ ಪುಡಿ ತರ್ರಿ. ಗೋಧಿ ಹಿಟ್ಟು, ಸಕ್ಕರಿ, ಒಂಚೂರು ಹಾಲು ಹಾಕಿ ಕಲಿಸಿ ಸಣ್ಣ ಸಣ್ಣ ಗುಳಿಗಿ ಮಾಡಿ ಮೂಲ್ಯಾಗ ಇಡ್ರಿ. ಆದ್ರ ವಿಷ ಅದು, ತಿನ್ನೂ ಸಾಮಾನಿನ ಹತ್ತರ ಇಡಬ್ಯಾಡ್ರಿ. ಮತ್ತ ಮುಸುರಿ ಪಾತ್ರೆ ಹಂಗಽ ಬಿಟ್ಟು ಮಲಗಬ್ಯಾಡ್ರಿ. ಸುಮಿತ್ರಾ ಒಂದು ಚಮಚಾ ಸುದ್ದಾ ಬಿಡ್ತಿದ್ದಿಲ್ಲ."

ನಾನು ಮೊದಲ ಮಾತನ್ನು ಭಕ್ತಿಯಿಂದ ಕೇಳಿದೆ. ಉಳಿದೆರಡನ್ನು ಬಿಟ್ಟೆ.

ಪಂಚಮಿಯ ಹಿಂದಿನ ದಿನ ಕಲಸಲು ಕೂತೆ. ಸಣ್ಣ ಗುಳಿಗೆ ಎಂದಿದ್ದರು. ಆದರೆ ನಮ್ಮ ಮನೆಯ ಜಿರಳೆಗಳ ಮೈಕಟ್ಟು ನನಗೆ ಗೊತ್ತಿತ್ತು. ಲಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದೆ. ಪಂಚಮಿ ಬಂದರೆ ಸುಮಿತ್ರಾ ಇದೇ ನೆಲದ ಮೇಲೆ ಕೂತು ಇದೇ ಪರಾತದಲ್ಲಿ ಉಂಡಿ ಕಟ್ಟುತ್ತಿದ್ದಳು. ಅದು ನೆನಪಾಗಿ ಕೈ ತಾನೇ ಅವಳ ಹಾಗೆ ಆಡತೊಡಗಿತು. ಜಿರಳೆಗೆ ಆಸೆ ಹತ್ತಲೆಂದು ಒಂದು ಏಲಕ್ಕಿಯನ್ನೂ ಕುಟ್ಟಿ ಹಾಕಿದೆ! ಇರುವೆ ಮುತ್ತಬಾರದೆಂದು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಹುಡುಕಿ ಅದರಲ್ಲಿ ತುಂಬಿ, ಮೂಲೆಗಳಲ್ಲಿ ಇಡುವುದು ನಾಳೆಗಿರಲಿ ಎಂದು ಕಟ್ಟೆಯ ಮೇಲಿಟ್ಟೆ. ಡಬ್ಬಿಯ ಮೇಲೆ 'ಶಾರದಾ' ಎಂದು ಹೆಸರು ಕೊರೆದಿತ್ತು.

ನಮ್ಮ ಕಡೆ ಪಾತ್ರೆ ಕೊಳ್ಳುವಾಗಲೇ ಹೆಸರು ಕೊರೆಸುತ್ತಾರೆ. ಯಾಕೆಂದರೆ ನಮ್ಮಲ್ಲಿ ಡಬ್ಬಿ ಯಾರ ಮನೆಯಲ್ಲೂ ನಿಲ್ಲುವುದಿಲ್ಲ. ತುಂಬಿ ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು. ಏನಾದರೂ ಹಾಕಿಯೇ ಕೊಡಬೇಕು. ಅದು ಮತ್ತೆ ತುಂಬಿ ಬರುತ್ತದೆ. ಸುಮಿತ್ರಾ ಹೋದ ದಿನ ಶಾರದಕ್ಕನ ಡಬ್ಬಿ ನಮ್ಮಲ್ಲಿತ್ತು, ಅವಳ ಡಬ್ಬಿ ಶಾರದಕ್ಕನಲ್ಲಿತ್ತು. ಅಲ್ಲಿಗೇ ನಿಂತುಹೋಗಿತ್ತು.

ಪಂಚಮಿಯ ಬೆಳಿಗ್ಗೆ ಶಾರದಕ್ಕ ಬಾಗಿಲಿಗೆ ಬಂದರು. ಕೈಯಲ್ಲಿ ಸುಮಿತ್ರಾಳ ಹೆಸರಿನ ಡಬ್ಬಿ.

"ವರ್ಷ ತುಂಬದ ಮನಿ, ನಿಮ್ಮಲ್ಲೆ ಉಂಡಿ ಕಟ್ಟೂಹಂಗಿಲ್ಲ. ಅದಕ್ಕ ನಾನಽ ಗೋಧಿ ಹಿಟ್ಟಿನ ಉಂಡಿ ತಂದೇನಿ. ಡಬ್ಬಿ ನಿಮ್ಮದಽ. ಶೇಂಗಾ ಚಟ್ನಿಪುಡಿ ಹಾಕಿ ಕಳಿಸಿದ್ಲು ಆಕಿ. ಅವತ್ತಿಂದ ಖಾಲಿ ಹೆಂಗ ಕೊಡ್ಲೆಂತ ಇಟಗೊಂಡಿದ್ದೆ."

ತಗೊಂಡು ಹೋಗಿ ಕಟ್ಟೆಯ ಮೇಲೆ, ಅವರ ಡಬ್ಬಿಯ ಪಕ್ಕದಲ್ಲಿಟ್ಟೆ. ಶಾರದಾ, ಸುಮಿತ್ರಾ. ಎರಡು ಹೆಸರೂ ಮೊದಲಿನ ಹಾಗೆ ಅಕ್ಕಪಕ್ಕ ಕೂತದ್ದು ನೋಡಿ ಕಣ್ಣು ತುಂಬಿತು. ಕಣ್ಣು ತುಂಬಿದಾಗ ಮನುಷ್ಯನಿಗೆ ಬುದ್ಧಿ ಇರುವುದಿಲ್ಲ. ಹಾಗೇ ಬಿಟ್ಟು ಸ್ನಾನಕ್ಕೆ ಹೋದೆ.

ಸ್ನಾನದ ನಡುವೆ ಅಡಿಗೆಮನೆಯಿಂದ ಗಂಗಕ್ಕನ ದನಿ ಕೇಳಿಸಿತು. ಹೇಳಿದ ಹಾಗೆ ಹಬ್ಬಕ್ಕೆ ಬಂದೇಬಿಟ್ಟಿದ್ದಳು.

"ಶಂಕ್ರ್ಯಾ! ಈ ಉಂಡಿ ನೀ ಕಟ್ಟೀಯೇನೋ?"

"ಹೌದಕ್ಕಾ!"

"ಹೆಂಡ್ತಿ ಸತ್ತು ವರ್ಷ ತುಂಬಿಲ್ಲ, ಹಬ್ಬದ ಉಂಡಿ ಕಟ್ಟೀಯಲ್ಲೋ! ಮಂದಿ ಏನಂತಾರ? ನಾಚಿಕಿ ಬ್ಯಾಡಾ?"

"ತಿನ್ನಾಕಲ್ಲಕ್ಕಾ! ಜಿರಳಿಗೆ! ವಿಷ ಹಾಕೀನಿ ಅದರಾಗ!"

ಡಬ್ಬಿಯ ಮುಚ್ಚಳ ಮುಚ್ಚಿದ ಸಪ್ಪಳ ಕೇಳಿಸಿತು. ಆಮೇಲೆ, "ಹೌದಾ? ಶಾಣ್ಯಾ ಆಗೀ ಬಿಡು. ಎಲ್ಲೆ ಇಡ್ಲಿ?"

"ಸಿಲಿಂಡರ್ ಹಿಂದ ಇಡು! ಕೈ ಛಲೋತಂಗ ತೊಳಕೋ ಮತ್ತ!"

ಶಾಣ್ಯಾ! ಅಕ್ಕನ ಬಾಯಿಂದ ಈ ಮಾತು ನಾನು ಹುಟ್ಟಿದ ಮೇಲೆ ಕೇಳಿದ್ದೇ ಇಲ್ಲ. ಅಮ್ಮಿನಬಾವಿಯ ಗಂಡಾಂತರ ತಪ್ಪಿತೆಂದು ತಲೆಯ ಮೇಲೆ ಇನ್ನೊಂದು ತಂಬಿಗೆ ನೀರು ಹೆಚ್ಚಿಗೆ ಸುರಿದುಕೊಂಡೆ.

ಪಡಸಾಲೆಗೆ ಬಂದರೆ ಶಾರದಕ್ಕನೂ ಅವರ ಯಜಮಾನರು ಬಸಣ್ಣನವರೂ ಕೂತಿದ್ದರು. ಬಸಣ್ಣ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಬಾಯಲ್ಲಿ ಹೊಸ ಹಲ್ಲಿನ ಸೆಟ್ಟು. ಸುಮಿತ್ರಾಳ ಫೋಟೋಕ್ಕೆ ಅಕ್ಕ ಮಲ್ಲಿಗೆ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಮುಂದೆ ನೈವೇದ್ಯದ ಎಡಿ ಇಟ್ಟಿದ್ದಳು. ತಟ್ಟೆಯ ತುಂಬ ಉಂಡಿ. ಎಷ್ಟು ಚೆಂದ, ಅಂದುಕೊಂಡೆ.

ಆಮೇಲೆ ಉಂಡಿಯನ್ನು ನೋಡಿದೆ.

ಶಾರದಕ್ಕನ ಉಂಡಿ ನುಣ್ಣಗೆ, ಗುಂಡಗೆ ಇರುತ್ತವೆ. ತಟ್ಟೆಯಲ್ಲಿದ್ದವು ಸೊಟ್ಟ ಸೊಟ್ಟ. ಒಂದೊಂದರ ಮೇಲೂ ನನ್ನ ಹೆಬ್ಬೆರಳಿನ ಗುಳಿ!

ಮೈಮೇಲಿನ ನೀರು ಆರುವ ಮೊದಲೇ ಬೆವರು ಬಂತು. ಅಕ್ಕನ ಲೆಕ್ಕ ತಟ್ಟನೆ ತಿಳಿಯಿತು. ಸುಮಿತ್ರಾ ಎಂದಿರುವ ಡಬ್ಬಿ ಮನೆಯದು, ಆದ್ದರಿಂದ ಅದರಲ್ಲಿದ್ದದ್ದು ಮನೆಯಲ್ಲಿ ಕಟ್ಟಿದ್ದು. ಶಾರದಾ ಎಂದಿರುವ ಡಬ್ಬಿ ನೆರೆಯವರದು, ಆದ್ದರಿಂದ ಅದರಲ್ಲಿದ್ದದ್ದು ಅವರು ಕೊಟ್ಟದ್ದು. ನಮ್ಮ ಸೀಮೆಯ ಯಾವ ಹೆಣ್ಣುಮಗಳೂ ಹೀಗೆಯೇ ತಿಳಿಯುತ್ತಿದ್ದಳು. ಪರರ ಡಬ್ಬಿಯಲ್ಲಿ ವಿಷ ತುಂಬಿಡುವ ಗಂಡಸೊಬ್ಬ ಇರಬಹುದು ಎಂದು ಯಾರು ಎಣಿಸಿಯಾರು!

ನನ್ನ ಹೆಂಡತಿಯ ಫೋಟೋದ ಮುಂದೆ ಜಿರಳೆಯ ವಿಷ ಎಡಿಯಾಗಿ ಕೂತಿತ್ತು! ಬದುಕಿದ್ದಾಗ ನಾನು ಕಾಸಿದ ಚಹಾವನ್ನು ಕೂಡ ಮೂಸಿ ನೋಡಿ ಕುಡಿದವಳು. ಮಾಲೆಯ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. 'ಕಡೀಕ ಇಲ್ಲಿ ತನಕಾನೂ ಬಂದ್ರಲ್ರೀ' ಎಂದ ಹಾಗಾಯಿತು.

ಅಷ್ಟರಲ್ಲಿ "ಟಕ್" ಎಂದಿತು.

ತಿರುಗಿ ನೋಡಿದರೆ ಬಸಣ್ಣ! ಪ್ರಸಾದವೆಂದು ಅಕ್ಕ ಕೈಗಿಟ್ಟ ಉಂಡಿಯನ್ನು ಕಚ್ಚಿದ್ದರು!

"ತಿನ್ನಬ್ಯಾಡ್ರೀ!" ಎಂದು ಚೀರಿದೆ. ಚೀರಿ ಹಾರಿದೆ. ಹಾರಿ ಆ ಹಿರಿಯರ ಗದ್ದ ಹಿಡಿದೆ. "ಉಗುಳ್ರಿ! ಬಾಯಿ ತಗೀರಿ!"

"ಅಯ್ಯ ನನ್ನ ತಮ್ಮಾ, ದುಃಖ ತಲಿಗೇರೇತಿ!" ಎಂದು ಅಕ್ಕ ಎದೆ ಬಡಿದುಕೊಂಡಳು.

"ಬಿಡ್ರಿ ಶಂಕರಣ್ಣಾ! ಹಿರ್ಯಾರನ್ನ ಹಂಗ್ಯಾಕ ಹಿಡದೀರಿ!" ಎಂದು ಶಾರದಕ್ಕ ನನ್ನ ರಟ್ಟೆ ಜಗ್ಗಿದರು.

"ಜಿರಳಿ ಉಂಡಿರೀ ಅದು! ವಿಷಽ!"

ಬಸಣ್ಣ ಉಂಡಿಯನ್ನು ಬಾಯಿಂದ ಹೊರಗೆಳೆದರು. ಉಂಡಿ ಬಂತು. ಅದರ ಜೊತೆಗೆ ಮೇಲಿನ ಹಲ್ಲಿನ ಸೆಟ್ಟೂ ಬಂತು! ಉಂಡಿಯಲ್ಲಿ ನಾಟಿ ನಿಂತುಬಿಟ್ಟಿತ್ತು. ಒಂದೇ ರಾತ್ರಿಯಲ್ಲಿ ಆ ಉಂಡಿ ಕಲ್ಲಾಗಿತ್ತು. ಒಂದು ಚೂರೂ ಮುರಿದಿರಲಿಲ್ಲ.

ಶಾರದಕ್ಕ ಅದನ್ನು ತಿರುಗಿಸಿ ನೋಡಿದರು. ಅವರಿಗೆ ಬಡಿದ ಆಘಾತ ಬೇರೆಯೇ. "ಗಂಗವ್ವಾ, ಇಷ್ಟು ಸೊಟ್ಟ ಉಂಡಿ ನಾ ಕಟ್ಟೀನಿ ಅಂತ ತಿಳಕೊಂಡ್ರೇನು?"

ಬಸಣ್ಣನವರ ಬಾಯಿ ಮತ್ತೆ ಮತ್ತೆ ತೊಳೆಸಿ, ಓಣಿಯ ಡಾಕ್ಟರಿಗೆ ಫೋನ್ ಮಾಡಿದೆ.

"ನುಂಗ್ಯಾರೇನ್ರಿ?" ಅಂದರು.

"ಇಲ್ರಿ ಸರ್. ಹಲ್ಲಽ ಅದರಾಗ ಉಳದಾವ."

"ಹಂಗಾದ್ರ ಬಚಾವ್ ಆದ್ರಿ. ಆದ್ರೂ ಒಮ್ಮೆ ಕರಕೊಂಡು ಬರ್ರಿ, ನೋಡ್ತೀನಿ. ಯಾರು ಕಟ್ಟಿದ್ದು ಉಂಡಿ?"

"ನಾನಽ ರೀ."

"ಇನ್ನ ಮ್ಯಾಲೆ ಕಟ್ಟಬ್ಯಾಡ್ರಿ."

ಕರೆದುಕೊಂಡು ಹೋದೆ. ಅವರು ನೋಡಿ, ಏನೂ ಆಗಿಲ್ಲ ಎಂದರು. ಅಂದರೆ ಒಬ್ಬ ಮನುಷ್ಯನ ಜೀವ ಉಳಿಸಿದ್ದು ನನ್ನ ಕೆಟ್ಟ ಅಡಿಗೆ! ಸುಮಿತ್ರಾಳ ಕೈಯ ಹದ ನನಗೂ ಬಂದಿದ್ದರೆ ಏನಾಗುತ್ತಿತ್ತೋ!

ಮನೆಗೆ ಮರಳಿದಾಗ ಶಾರದಕ್ಕ ಹೊಸ್ತಿಲಲ್ಲೇ ನಿಂತಿದ್ದರು. ಯಜಮಾನರು ನಡೆದು ಬಂದದ್ದು ನೋಡಿ ಉಸಿರು ಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಹಂಗಾದ್ರ ನನ್ನ ಉಂಡಿ ಎಲ್ಲೆ ಹೋದ್ವು?"

ಎಲ್ಲರೂ ಅಕ್ಕನನ್ನು ನೋಡಿದೆವು. ಅಕ್ಕ ಅಡಿಗೆಮನೆಯನ್ನು ನೋಡಿದಳು.

ಸಿಲಿಂಡರ್ ಸರಿಸಿದೆವು. ಕತ್ತಲೆಗಾಗಿ ಕಾಯುವ ಪ್ರಾಣಿಗಳು ಅಂದು ಹಗಲಿನಲ್ಲೇ ನೆರೆದಿದ್ದವು! ಮುದುಕರು, ಮಕ್ಕಳು, ಎಲ್ಲರೂ. ತುಪ್ಪದ ಉಂಡಿ, ನಡುವೆ ಗೋಡಂಬಿ, ಒಣದ್ರಾಕ್ಷಿ. ನಮ್ಮ ಬೆಳಕು ಬಿದ್ದರೂ ಒಂದೂ ಏಳಲಿಲ್ಲ. ಪಂಕ್ತಿಯ ನಡುವೆ ಏಳಬಾರದೆಂಬ ಸಂಸ್ಕಾರ ಅವಕ್ಕೂ ಇತ್ತು.

"ಮನ್ಯಾಗ ಕಾಸಿದ ತುಪ್ಪಾ ಹಾಕಿದ್ನಲ್ರೀ!" ಎಂದು ಶಾರದಕ್ಕ ಅಲ್ಲೇ ಕುಸಿದು ಕೂತರು.

ನಾನು ಯಾರ ಮುಖವನ್ನೂ ನೋಡದೆ ಒಳಕೋಣೆಗೆ ಹೋಗಿ, ಚೀಲ ತೆಗೆದು, ಅಂಗಿ ಮಡಚತೊಡಗಿದೆ. ಸೋತವನು ಮಾತು ಉಳಿಸಿಕೊಳ್ಳಬೇಕು. ಹೋಗುವ ಮೊದಲು ಉಪ್ಪಿನ ಡಬ್ಬಿಯನ್ನೊಮ್ಮೆ ಮುಟ್ಟಿ ಬರೋಣವೆಂದು ತಿರುಗಿದರೆ ಅಕ್ಕ ಬಾಗಿಲಲ್ಲಿ.

"ಎಲ್ಲಿಗೆ ಹೊಂಟೀ?"

"ಅಮ್ಮಿನಬಾವಿಗೆ. ನೀನಽ ಹೇಳಿದ್ದೆಲ್ಲಾ."

"ನಮ್ಮ ಮನಿಗಾ?" ಅಕ್ಕನ ಕಣ್ಣು ದೊಡ್ಡವಾದವು. "ಬ್ಯಾಡೋ ಯಪ್ಪಾ! ನಮ್ಮ ಮನ್ಯಾಗ ಮಕ್ಕಳು ಮರಿ ಅದಾವ! ಮೊದಲ ಚೀಲಾ ಕೆಳಗಿಡು. ನೀ ಇಲ್ಲೇ ಇರು!"

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಪಡಸಾಲೆಯಲ್ಲಿ ಹಲ್ಲಿಲ್ಲದ ಬಸಣ್ಣ ನಕ್ಕರು. ಶಾರದಕ್ಕ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಮಿತ್ರಾ ಹೋದ ಮೇಲೆ ಈ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ನಾನು ಫೋಟೋದ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವಳೂ ನಗುತ್ತಿದ್ದಳೆಂದೇ ನನ್ನ ಗುಮಾನಿ.

ಹೀಗೆ ಉಳಿದುಕೊಂಡೆ. ಗೆದ್ದು ಅಲ್ಲ, ಯಾರಿಗೂ ಬೇಡವಾಗಿ! ಈಗ ಮಲಗುವ ಮೊದಲು ಮುಸುರಿ ತೊಳೆದು, ಸಿಂಕ್ ಒರೆಸಿ, ಒಂದು ಚಮಚವನ್ನೂ ಬಿಡದೆ ಎತ್ತಿಡುತ್ತೇನೆ. ಜಿರಳೆ ಬಹಳ ಕಡಿಮೆಯಾಗಿವೆ. ಉಳಿದ ಒಂದೆರಡು, ತುಪ್ಪದ ಉಂಡಿ ಮತ್ತೆ ಯಾವಾಗ ಎಂದು ವಿಚಾರಿಸಲು ಬಂದು ಹೋಗುತ್ತವೆ.

ಶಾರದಕ್ಕನ ಡಬ್ಬಿಯನ್ನು ಕುದಿಯುವ ನೀರಿನಿಂದ, ಹುಣಸೆಹಣ್ಣಿನಿಂದ, ಸಾಬೂನಿನಿಂದ ತಿಕ್ಕಿ ತಿಕ್ಕಿ ತೊಳೆದು, ಮೊನ್ನೆ ಕೊಡಲು ಹೋದೆ. ಬಾಗಿಲು ತೆರೆದವರು ಡಬ್ಬಿಯನ್ನು ಕೈಗೆ ತಗೊಳ್ಳಲಿಲ್ಲ. ದೂರದಿಂದಲೇ ಕೇಳಿದರು.

"ಒಳಗ ಏನೈತ್ರೀ?"

"ಒಂದು ಹಿಡಿ ಸಕ್ಕರಿ ಅಕ್ಕಾರ. ಖಾಲಿ ಕೊಡಬಾರ್ದಂತ..."

ಹಿಂದೆ ನಿಂತಿದ್ದ ಬಸಣ್ಣ ಮೆಲ್ಲಗೆ ಹಲ್ಲಿನ ಸೆಟ್ಟು ತೆಗೆದು ಕಿಸೆಗೆ ಹಾಕಿಕೊಂಡರು.

"ಶಂಕರಣ್ಣಾ," ಎಂದರು ಶಾರದಕ್ಕ, ಬಹಳ ಮರ್ಯಾದೆಯಿಂದ. "ನೀವು ಮಾತ್ರ ಖಾಲಿ ಡಬ್ಬಿನಽ ಕೊಡ್ರಿ."

ಸುಮಿತ್ರಾ ಇದ್ದಾಗ ನಮ್ಮ ಮನೆಯಿಂದ ಖಾಲಿ ಡಬ್ಬಿ ಹೋದದ್ದೇ ಇಲ್ಲ. ಈಗ ಖಾಲಿ ಹೋದರೆ ಮಾತ್ರ ಓಣಿಯವರು ನಿಶ್ಚಿಂತೆಯಿಂದ ಬಾಗಿಲು ತೆರೆಯುತ್ತಾರೆ.