ಚಟ್ನಿ ಹೊತ್ತ ಹಾರ್ಡ್‌ಡಿಸ್ಕಿನ ಡಬ್ಬಿ

ಹೊಸ ಸಾಮಾನು ಮನೆಗೆ ಬಂದರೆ ಸಾಮಾನಿಗಿಂತ ಅದು ಬಂದ ಡಬ್ಬಿಯ ಮೇಲೆಯೇ ನನಗೆ ಮೋಹ ಹೆಚ್ಚು. ಮಿಕ್ಸರ್ ಸುಟ್ಟು ಗುಜರಿಗೆ ಹೋದರೂ ಅದರ ಡಬ್ಬಿ ನಮ್ಮ ಕಪಾಟಿನ ಮೇಲೆ ಇನ್ನೂ ಹೊಸದಾಗಿಯೇ ಇದೆ. ಗೋಡೆ ಗಡಿಯಾರದ ಡಬ್ಬಿಯಿದೆ, ಇಸ್ತ್ರಿಪೆಟ್ಟಿಗೆಯ ಡಬ್ಬಿಯಿದೆ, ನನ್ನ ಮದುವೆಯ ಬೂಟಿನ ಡಬ್ಬಿಯೂ ಇದೆ. ಬೂಟನ್ನು ಮಾತ್ರ ಮಂಟಪದಲ್ಲೇ ಯಾರೋ ಹಾಕಿಕೊಂಡು ಹೋದರು. ಬಂದವರು ಇದು ಮನೆಯೋ ಗೋದಾಮೋ ಎಂದು ಕೇಳಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಡಬ್ಬಿಯ ಮೇಲಿನ ಚಿತ್ರದಲ್ಲಿ ಸಾಮಾನು ಎಂದೂ ಕೆಡುವುದಿಲ್ಲ. ಇಂಥ ನಾನು ಒಂದು ಡಬ್ಬಿಯನ್ನು ಕೈಯಾರೆ ದಾನ ಮಾಡಿ ಪಟ್ಟ ಪಾಡನ್ನು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಗುಮಾಸ್ತನಾಗಿದ್ದ ಕಚೇರಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಹರಾಜಿಗಿಟ್ಟರು. ಅದನ್ನು ಸೊಲ್ಲಾಪುರದ ನಮ್ಮ ಮನೆಗೆ ತಂದವನು ನಾನು, ಉಪಯೋಗಿಸಿದವಳು ಹೆಂಡತಿ ಶೈಲಾ. ಅವಳು ಅದರಲ್ಲಿ ಚಾದರದ ಡಿಸೈನ್ ಬರೆಯುವುದನ್ನು ಕಲಿತು, ಪವರ್‌ಲೂಮ್ ನಡೆಸುವ ಒಬ್ಬ ಶೇಟರಿಗೆ ಬರೆದುಕೊಡತೊಡಗಿದಳು. ಅಂಚಿಗೊಂದು ಬಳ್ಳಿ, ಮೂಲೆಗೊಂದು ಹೂವು, ಅಷ್ಟೇ. ಕಂಪ್ಯೂಟರಿನ ಡಿಸ್ಕು ಎಷ್ಟು ತುಂಬಿತ್ತೆಂದರೆ ಹೊಸ ಹೂವು ಅರಳಬೇಕಾದರೆ ಹಳೆಯದೊಂದನ್ನು ಅಳಿಸಬೇಕಾಗುತ್ತಿತ್ತು. ನಮ್ಮ ಶೈಲಾ ಸಣ್ಣ ಸಣ್ಣ ಹೂವು ಚೆಂದ ಬರೆಯುತ್ತಾಳೆಂದು ನಾನು ಬಂದವರಿಗೆಲ್ಲ ಅಭಿಮಾನದಿಂದ ಹೇಳುತ್ತಿದ್ದೆ. ಹೀಗಿರುವಾಗ ಶೇಟರಿಗೆ ಇಡೀ ಚಾದರದ ತುಂಬ ಗರಿಬಿಚ್ಚಿದ ಒಂದೇ ಒಂದು ನವಿಲು ಬೇಕಾಯಿತು. ವಾರದೊಳಗೆ ಆಗದಿದ್ದರೆ ಮುಂಬೈಯವರಿಗೆ ಹೇಳುತ್ತೇನೆ, ಆಮೇಲೆ ಉಳಿದ ಕೆಲಸವೂ ಅಲ್ಲಿಗೇ ಹೋಗುತ್ತದೆ ಎಂದು ನಗುನಗುತ್ತಲೇ ಹೇಳಿ ಹೋದರು. ನವಿಲೆಂದರೆ ಬಣ್ಣಕ್ಕೊಂದು ಪ್ರತಿ, ತಿದ್ದಿದ್ದಕ್ಕೊಂದು ಪ್ರತಿ. ನಮ್ಮ ಡಿಸ್ಕಿನಲ್ಲಿ ಅದರ ಕೊಕ್ಕಿಗೂ ಜಾಗವಿರಲಿಲ್ಲ. ಶೈಲಾ ಅಕ್ಕಿ ಆರಿಸುತ್ತ ಕೂತಳು. ಅದನ್ನು ನೋಡಲಾಗದೆ ನಾನು ಎದ್ದು ಚಪ್ಪಲಿ ಮೆಟ್ಟಿದೆ.

ಸಂಜೆಗೆ ನಾಲ್ಕು ಜಿಬಿಯ ಹಾರ್ಡ್‌ಡಿಸ್ಕು ಮನೆಯಲ್ಲಿತ್ತು. ನಾಲ್ಕು ಜಿಬಿ! ಈಗಿನವರು ಇದನ್ನು ಓದಿ ನಗಬಹುದು. ನಾನು ಅಂದು ಓಣಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ಹೇಳಿದೆ. ನಮ್ಮ ಜೀವಮಾನದಲ್ಲಿ ಇದು ತುಂಬುವುದಿಲ್ಲ ಎಂದು ಎದುರುಮನೆಯವರಿಗೆ ಭರವಸೆಯನ್ನೂ ಕೊಟ್ಟೆ. ಹೊಸ ಸಾಮಾನಿಗೆ ಪೂಜೆಯಾಗದೆ ಗುಂಡಿ ಒತ್ತುವ ರೂಢಿ ನಮ್ಮಲ್ಲಿಲ್ಲ. ಮರುದಿನ ಅಕ್ಕಲಕೋಟೆಯಿಂದ ಅತ್ತೆಯವರು ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದು ಬಂದರು. ನಾನು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಬೆವರು ಸುರಿಸಿ, ಡಿಸ್ಕನ್ನು ಕೂಡಿಸಿ ನಾಲ್ಕು ಸ್ಕ್ರೂ ಬಿಗಿದೆ. ಅತ್ತೆಯವರು ಅದಕ್ಕೆ ಅರಿಶಿನ ಕುಂಕುಮ ಏರಿಸಿ ಕಾಯಿ ಒಡೆಸಿದರು. ಬಸ್ಸಿನ ಹೊತ್ತಾಯಿತೆಂದು ಆಮೇಲೆ ಗಡಿಬಿಡಿಯಿಂದ ಹೊರಟರು. ತವರಿನಿಂದ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದಷ್ಟೆ. ಆದರೆ ಹೋಳಿಗೆ ಇನ್ನೂ ಅದರಲ್ಲೇ ಇತ್ತು. ಶೈಲಾ ಶೇಂಗಾ ಚಟ್ನಿಯನ್ನು ಗಾಜಿನ ಸೀಸೆಗೆ ತುಂಬಿ, ಇದನ್ನು ಬಸ್ಸಿನಲ್ಲಿ ಒಡೆಯದಂತೆ ಕಳಿಸುವುದು ಹೇಗೆ ಎಂದು ಸುತ್ತ ನೋಡಿದಳು. ನನಗೆ ಆಗ ಹುಮ್ಮಸ್ಸು ನೆತ್ತಿಗೇರಿತ್ತು. ಹಾರ್ಡ್‌ಡಿಸ್ಕಿನ ಡಬ್ಬಿಯಲ್ಲಿ ಮೆತ್ತನೆಯ ಸ್ಪಂಜಿತ್ತು, ಹೊರಗೆ ದಪ್ಪಕ್ಷರದಲ್ಲಿ ನಾಲ್ಕು ಜಿಬಿ ಎಂದಿತ್ತು. ಅಕ್ಕಲಕೋಟೆಯವರೂ ಓದಲಿ ಎಂದು ಸೀಸೆಯನ್ನು ನಾನೇ ಅದರೊಳಗೆ ಇಟ್ಟು, ದಾರ ಕಟ್ಟಿ ಕೊಟ್ಟೆ.

ಅವರನ್ನು ಬಸ್ಸು ಹತ್ತಿಸಿ ಬಂದು ಗುಂಡಿ ಒತ್ತಿದೆ. ಕಂಪ್ಯೂಟರ್ ಕುಂಯ್ ಎಂದಿತು, ಯೋಚಿಸಿತು, ಹೊಸ ಡಿಸ್ಕಿನ ಗಾತ್ರ ಅರ್ಧ ಜಿಬಿ ಎಂದು ತೋರಿಸಿತು. ಆರಿಸಿ ಮತ್ತೆ ಹಚ್ಚಿದೆ. ಆಗಲೂ ಅರ್ಧವೇ. ಅಂಗಡಿಯವರಿಗೆ ಫೋನ್ ಹಚ್ಚಿ ನಾಲ್ಕರ ಬದಲು ಅರ್ಧ ಕೊಟ್ಟಿದ್ದೀರಿ ಎಂದು ಜಗಳಕ್ಕೇ ನಿಂತೆ. ಅವರು ಮರಾಠಿಯಲ್ಲಿ ಸಮಾಧಾನವಾಗಿ ತಿಳಿಸಿ ಹೇಳಿದರು. ಡಿಸ್ಕು ಪೂರ್ತಿ ನಾಲ್ಕು ಜಿಬಿಯದೇ, ಮಶೀನು ಹಳೆಯದು, ಅದಕ್ಕೆ ಅರ್ಧದಾಚೆ ಎಣಿಸಲು ಬರುವುದಿಲ್ಲ. ಅದಕ್ಕೆ ತಿಳಿಹೇಳುವ ಒಂದು ಫ್ಲಾಪಿಯನ್ನು ಡಬ್ಬಿಯ ಸ್ಪಂಜಿನ ಕೆಳಗೇ ಇಟ್ಟಿರುತ್ತಾರೆ, ಬೇರೆ ಕಡೆ ಸಿಗುವುದಿಲ್ಲ, ಅದನ್ನು ಹಾಕಿದರಾಯಿತು. ನಾನು ಫೋನಿಟ್ಟು ಶೈಲಾಳಿಗೆ ಅದನ್ನೇ ಹೇಳಿದೆ.

"ಡಬ್ಬಿ ಎಲ್ಲೈತ್ರಿ?" ಎಂದಳು.

ಮರುದಿನ ಬೆಳಿಗ್ಗೆ ಕಚೇರಿಗೆ ರಜೆ ಹಾಕಿ ಅಕ್ಕಲಕೋಟೆಯ ಬಸ್ಸು ಹಿಡಿದೆ. ಗುರುವಾರ, ಬಸ್ಸಿನ ತುಂಬ ಅಲ್ಲಿನ ಸ್ವಾಮಿಗಳ ದರ್ಶನಕ್ಕೆ ಹೊರಟವರು. ಪಕ್ಕದಲ್ಲಿದ್ದವರು ನಿಮ್ಮ ಹರಕೆ ಏನು ಎಂದು ವಿಚಾರಿಸಿದರು. ಫ್ಲಾಪಿ ಎಂದೆ. ಅವರು ಭಕ್ತಿಯಿಂದ ಕೈಮುಗಿದು, ಸ್ವಾಮಿಗಳು ಕೊಟ್ಟೇ ಕೊಡುತ್ತಾರೆ ಎಂದರು.

ಅತ್ತೆಯ ಮನೆಯಲ್ಲಿ ಡಬ್ಬಿ ದೇವರ ಮುಂದೆ ಇತ್ತು. ಒಳಗೆ ಹೂಬತ್ತಿ ತುಂಬಿದ್ದವು, ಸ್ಪಂಜಿನ ಕೆಳಗೆ ಏನೂ ಇರಲಿಲ್ಲ. ಒಂದು ಕರಿ ಬಣ್ಣದ ಚೌಕಾದ ಬಿಲ್ಲೆ ಕಂಡಿತೇ ಎಂದು ಕೇಳಿದೆ. ಅವರು ಅಡಿಗೆಮನೆಗೆ ಹೋಗಿ ಚಟ್ನಿ ಸೀಸೆಯನ್ನು ಎತ್ತಿ ತೋರಿಸಿದರು. ಅದರ ಬುಡದಲ್ಲಿ ಫ್ಲಾಪಿ, ಫ್ಲಾಪಿಯ ಮೇಲೆ ದುಂಡಗೆ ಎಣ್ಣೆಯ ಬಳೆ.

"ಎಣ್ಣಿ ಇಳಿದು ಕಪಾಟ ಕೆಡತೈತಲ್ರಿ ಅಳಿಯಂದಿರ, ಸೀಸೆದ ಕೆಳಗ ಇಡಾಕಂತನ ಕೊಟ್ಟಾರ ಅಂತ ತಿಳಿದೆ. ಅಳತಿನೂ ಬರೋಬರಿ ಆತ್ ನೋಡ್ರಿ."

ಅವರೇ ಮೆತ್ತನೆಯ ಸೆರಗಿನಿಂದ ಅದನ್ನು ಒರೆಸಿಕೊಟ್ಟರು. ನಾನು ಅದರ ತಗಡಿನ ಬಾಗಿಲನ್ನು ಸರಿಸಿ, ಒಳಗೆ ಎಣ್ಣೆ ಹೋಗಿದೆಯೋ ಇಲ್ಲವೋ ಎಂದು ಬಿಸಿಲಿಗೆ ಹಿಡಿದು ನೋಡುತ್ತ, ಆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹಳೇ ಮಶೀನ್ರಿ. ಸಾವಕಾಶ ಹೇಳ್ರಿ, ತಿಳಕೊಂತೈತಿ" ಎಂದರು. ಡಬ್ಬಿಯನ್ನು ವಾಪಸ್ಸು ಕೇಳುವ ಧೈರ್ಯ ನನಗಾಗಲಿಲ್ಲ. ಹೋಳಿಗೆಯಷ್ಟು ಜೋಪಾನವಾಗಿ ಫ್ಲಾಪಿಯನ್ನು ಅಂಗೈಯಲ್ಲಿ ಹಿಡಿದು ಸೊಲ್ಲಾಪುರ ಸೇರಿದೆ.

ಫ್ಲಾಪಿ ಹಾಕಿದಾಗ ಕಂಪ್ಯೂಟರ್ ಕೆರೆದುಕೊಂಡಿತು, ಕೆಮ್ಮಿತು. ಕೋಣೆಯಲ್ಲಿ ಶೇಂಗಾ ಚಟ್ನಿಯ ವಾಸನೆ ಹರಡಿತು, ಅಥವಾ ನನಗೆ ಹಾಗನ್ನಿಸಿತು. ಪರದೆ ಕಪ್ಪಾಗಿ ಮತ್ತೆ ಬೆಳಗಿತು. ನಾಲ್ಕು ಜಿಬಿ! ನಾನು ಕುರ್ಚಿಯಿಂದ ಎದ್ದು ಕುಣಿದದ್ದನ್ನು ಎದುರುಮನೆಯವರು ಕಿಟಕಿಯಿಂದ ನೋಡಿದರಂತೆ. ನೋಡಲಿ, ಅಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಶೈಲಾ ಕೂತಳು. ಮೂರನೆಯ ದಿನಕ್ಕೆ ಪರದೆಯ ಮೇಲೆ ನವಿಲು ನಿಂತಿತು. ಕೊರಳಲ್ಲಿ ಮಿರುಗುವ ನೀಲಿ, ಗರಿಗರಿಗೂ ಬೇರೆ ಬೇರೆ ಕಣ್ಣು. ಶೇಟರು ಅದನ್ನು ನೋಡಿ ಮುಂಬೈಯ ಹೆಸರೆತ್ತದೆ, ಮುಂದಿನ ಕೆಲಸವನ್ನೂ ಅವಳಿಗೇ ಹೇಳಿ ಹೋದರು. ಎಷ್ಟೋ ವರ್ಷಗಳಿಂದ ಜೊತೆಗಿದ್ದ ನಾನು ಬಾಯಿ ತೆರೆದು ನಿಂತಿದ್ದೆ. ಇಷ್ಟು ದೊಡ್ಡದು ನಿನಗೆ ಬರೆಯಲು ಬರುತ್ತದೆಂದು ಒಮ್ಮೆಯೂ ಹೇಳಲಿಲ್ಲವಲ್ಲ ಎಂದೆ.

"ಬರತಿತ್ರಿ. ಜಾಗಾ ಎಲ್ಲಿತ್ತು?" ಎಂದಳು.

ನನಗೆ ಅಂಗಡಿಯವರ ಮಾತು ನೆನಪಾಗಿ ಮುಖ ಸಣ್ಣದಾಯಿತು. ಅದನ್ನು ಮರೆಸಲು, ಅರ್ಧದಾಚೆ ಎಣಿಸಲು ಬಾರದ ಗಂಡಂದಿರಿಗೂ ಅಂಥದೊಂದು ಫ್ಲಾಪಿ ಸಿಗುತ್ತದೆಯೇ ಎಂದು ಚೇಷ್ಟೆ ಮಾಡಿದೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇದ್ದೀತ್ರಿ. ನೀವು ಬಂದ ಡಬ್ಬ್ಯಾಗ ನಿಮ್ಮವ್ವಾರು ಚಟ್ನಿ ತುಂಬಿ ಯಾರಿಗಿ ಕೊಟ್ಟಾರೋ ಏನೋ."

ನಾನು ಒಳಗೆ ಹೋಗಿ ಚಹಕ್ಕೆ ನೀರಿಟ್ಟೆ.