ಬೀಗತನದ ನಡುವ ಹೆಡ್‌ಫೋನು

ನಾ ಕಿವ್ಯಾಗ ಏನರ ಸಿಗಿಸಿಕೊಂಡ ಕುಂತ್ನಿ ಅಂದ್ರ ಅವತ್ತ ಒಂದ ಭಾನಗಡಿ ಆಗೇ ಆಗತೈತಿ. ತಪ್ಪು ನಿಂದು ಅಂತಾರ ನಮ್ಮ ಯಜಮಾನರು. ಆ ಸಾಮಾನಿಂದು ಅಂತೇನಿ ನಾನು.

ಬೈಲಹೊಂಗಲದ ಬಜಾರದ ಹಿಂದಿನ ಓಣ್ಯಾಗ ಹೆಣ್ಮಕ್ಕಳ ಜಂಪರ್ ಹೊಲಿಯೂದು ನನ್ನ ಉದ್ಯೋಗ. ಮಷಿನ್ ತುಳಕೋತ ಹಾಡು ಕೇಳೂದು ಚಟ. ಮೊದಲಿಂದ ಸಂಶೇ ಮನಿಷ್ಯಾಳ ನಾನು. ಕಿರಾಣಿ ಅಂಗಡ್ಯಾಂವ ತೂಗಿ ಕೊಟ್ಟ ಬೆಲ್ಲಾ ಮನ್ಯಾಗ ಮತ್ತೊಮ್ಮೆ ತೂಗತೇನಿ.

ಹೋದ ವರ್ಷ ಸಂಶೇ ಇನ್ನಷ್ಟು ಜಾಸ್ತಿ ಆತು. ಕಿತ್ತೂರಾಗ ಹೈಸ್ಕೂಲ್ ಮಾಸ್ತರ ಇರೋ ನನ್ನ ಮಗಗ ರಾಮದುರ್ಗದ ಒಂದ ಹೆಣ್ಣು ನೋಡಿದ್ವಿ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ರು. ಹೆಣ್ಣಿನ ಕಡೆಯವರು ಮಾತ್ರ, 'ಅತ್ತಿ ಹೆಂಗದಾಳ ವಿಚಾರ ಮಾಡಿ ಹೇಳತೇವಿ' ಅಂದ್ರು. ನಮ್ಮ ಕಡೆ ಈ ವಿಚಾರಣಿ ಎದುರಾ ಎದುರ ನಡಿಯಂಗಿಲ್ಲ. ಬ್ಯಾರೆ ಏನರ ನೆಪಾ ಮಾಡಿ ಬಂದು, ನೋಡಿ ಹೋಗತಾರ. ಟೇಲರ್ ಹೆಣ್ಮಗಳು ಅಂದ್ರ ಊರ ಮಂದಿ ಸುದ್ದಿ ಎಲ್ಲಾ ಆಕಿ ಬಾಯಾಗ, ನಾಳೆ ನಮ್ಮ ಮನಿ ಸುದ್ದೀನೂ ಹಂಚತಾಳ ಅಂತ ಅವರಿಗೆ ಅಂಜಿಕಿ. ಅಂಜಿಕಿ ಪೂರ್ತಿ ಸುಳ್ಳಲ್ಲ ಬಿಡ್ರಿ. ಆದ್ರ ಮಗ ಆ ಹುಡುಗಿ ಬಿಟ್ರ ಬ್ಯಾರೇದು ನೋಡಂಗಿಲ್ಲ ಅಂತ ಕುಂತಿದ್ದ.

ತೋಳಿನ ಬಾಲ

ಆವಾಗ ನನ್ನ ಹತ್ರ ಇದ್ದದ್ದು ವೈರಿನ ಹೆಡ್‌ಫೋನು. ಒಂದಿನ ಜಂಪರ್ ತೋಳಿಗೆ ಅಂಚು ಹೊಲಿಯೂ ಮುಂದ ಎಡಗಿವಿ ಹಾಡು ನಿಂತ ಹೋತು. ನೋಡಿದ್ರ ವೈರ್ ತುಂಡಾಗಿತ್ತು, ಕಿವಿಗೆ ಹಾಕೋ ತುದಿ ಎಲ್ಲೂ ಇಲ್ಲ. ಬಟ್ಟಿ ಚೂರೆಲ್ಲಾ ಜಾಡಿಸಿದ್ನಿ, ಸಿಗಲಿಲ್ಲ. ಸಂಶೇ ಬಂದದ್ದು ಯಜಮಾನರ ಮ್ಯಾಲ. ಅವರಿಗೆ ನನ್ನ ಹಾಡು ಕಂಡ್ರ ಆಗಂಗಿಲ್ಲ. ಅವರ ಸಂಗಾಟ ಮಾತ ಬಿಟ್ನಿ, ಚಾ ಸುದ್ಧಾ ಸಪ್ಪಗ ಮಾಡಿ ಕೊಟ್ನಿ.

ಮರುದಿನ ಸವದತ್ತಿಗೆ ಮದುವಿಗೆ ಹೊಂಟಿದ್ದ ಒಬ್ಬ ಗಿರಾಕಿ ಹೊಸಾ ಜಂಪರ್ ಹಿಡಕೊಂಡ ವಾಪಸ್ ಬಂದ್ಳು. ತೋಳಿನ ಅಂಚಿನ್ಯಾಗ ನನ್ನ ವೈರು ಗಟ್ಟಿ ಹೊಲಿಗಿ ಬಿದ್ದಿತ್ತು, ಕಳದ ತುದಿ ಹೊರಗ ಜೋತಾಡತಿತ್ತು.

'ಅಕ್ಕಾರ, ಖರೇ ಹೇಳ್ರಿ. ನಮ್ಮ ಮನ್ಯಾಗಿನ ಮಾತ ಕೇಳಾಕ ಇಟ್ಟೀರೇನು ಇದನ್ನ?'

'ಅದಕ್ಯಾಕ ವೈರ್ ಬೇಕವಾ. ನಿಮ್ಮತ್ತಿ ವಾರಕ್ಕೊಮ್ಮೆ ಬಂದು ತಾವ ಎಲ್ಲಾ ಹೇಳಿ ಹೋಗತಾರ.'

ಕೊತ್ತಂಬರಿ

ಇನ್ನ ವೈರ್ ಬ್ಯಾಡ ಅಂತ ಬಸ್ ಸ್ಟ್ಯಾಂಡ್ ಹತ್ರ ಮೊಬೈಲ್ ಸಾಮಾನು ಮಾರೋ ಭಾಯಿ ಅಂಗಡಿಗೆ ಹೋದ್ನಿ. ವೈರ್ ಇಲ್ಲದ್ದು ತೋರಿಸಿದ. ನನಗ ನಂಬಿಗಿ ಬರಲಿಲ್ಲ.

'ಭಾಯಿ, ವೈರ್ ಇದ್ರ ಹಾಡು ವೈರ್‌ನ್ಯಾಗ ಬರತೈತಿ, ತಿಳೀತು. ಇದು ಗಾಳ್ಯಾಗ ಬರತೈತಿ ಅಂತಿ. ದಾರ್ಯಾಗ ಯಾರದರ ಕಿವಿಗೆ ಹೊಕ್ಕರ?'

'ಅಕ್ಕಾರ, ನಿಮ್ಮ ಫೋನಿಂದು ನಿಮ್ಮ ಕಿವಿಗೇ ಬರತೈತ್ರಿ. ಹಾಕ್ಕೊಂಡ ನೋಡ್ರಿ ಬೇಕಾದ್ರ' ಅಂತ ತೋರಿಸಾಕ ಇಟ್ಟಿದ್ದ ಸೆಟ್ ಕೊಟ್ಟ.

ಹಾಕ್ಕೊಂಡ್ನಿ. ಬಿದ್ದೀತು ಅಂತ ಬೆರಳಿಲೆ ಒತ್ತಿದ್ನಿ. ಒತ್ತಿದ್ದ ತಡ, ಒಬ್ಬ ಹೆಣ್ಮಗಳ ದನಿ. 'ಕೊತ್ತಂಬರಿ ಮರತ ಬಂದ್ರ ಇವತ್ತ ಮನ್ಯಾಗ ಊಟಾ ಇಲ್ಲ ನೋಡ್ರಿ' ಅಂದ್ಳು, ಫೋನ್ ಇಟ್ಟಳು. ಆ ಸೆಟ್ ಭಾಯಿ ಫೋನಿಗೇ ಜೋಡಿ ಆಗಿತ್ತು, ನಾ ಒತ್ತಿದ್ದಕ್ಕ ಅವನ ಮನಿ ಫೋನ್ ನಾ ಎತ್ತಿದಂಗ ಆಗಿತ್ತು.

'ಭಾಯಿ, ಗಾಳ್ಯಾಗ ಯಾರ ಕಿವಿಗೂ ಹೋಗಂಗಿಲ್ಲ ಅಂದಿ. ನಿನ್ನ ಮನ್ಯಾಗ ಕೊತ್ತಂಬರಿ ಬೇಕಂತ ನೋಡು.'

ಅಂವ ಮಾರಿ ಕೆಂಪಗ ಮಾಡ್ಕೊಂಡು, ಹೊಸಾ ಡಬ್ಬಿ ಒಡದು ನನ್ನ ಫೋನಿಗೆ ಜೋಡಿಸಿ ಕೊಟ್ಟ. ನಾ ವೈರ್ ಇದ್ದದ್ದೂ ಒಂದ ತಗೊಂಡ್ನಿ. ಎರಡ್ಯಾಕ್ರಿ ಅಂತ ಕೇಳಿದ.

'ಒಂದರ ಮ್ಯಾಲ ಒಂದು ಕಣ್ಣಿಟ್ಟಿರಲಿ' ಅಂದ್ನಿ.

ಶಿರಾ ತಿಂದ ಗೂಢಚಾರಿ

ಈ ನಡುವ ಅಂಗಡಿಗೆ ಬರೋ ಹೊಸಾ ಮಾರಿ ಎಲ್ಲಾ ನನಗ ರಾಮದುರ್ಗದವರಂಗ ಕಾಣಾಕತ್ತಿದ್ವು. ಒಂದಿನ ಒಬ್ಬಾಕಿ ಬಂದ್ಳು. ಯಾವೂರು ಅಂದ್ರ ಕಟಕೋಳ ಅಂದ್ಳು. ಕಟಕೋಳ ರಾಮದುರ್ಗ ತಾಲೂಕು, ನನ್ನ ಕಿವಿ ನೆಟ್ಟಗಾದ್ವು.

'ಮನ್ಯಾಗ ಎಷ್ಟ ಮಂದಿ ಅದೀರ್ರಿ? ಮಗಾ ಏನ ಮಾಡತಾನ್ರಿ? ಕುಡಿಯೂದು, ತಂಬಾಕ ಏನರ ಐತೇನ್ರಿ?'

ಹಿಡದ್ನಿ ಕಳ್ಳೀನ ಅಂತ ಒಳಗೊಳಗ ಖುಷಿ. ಶಿರಾ ಮಾಡಿ ತಿನಿಸಿದ್ನಿ. 'ಸೊಸಿ ಅಂದ್ರ ಮಗಳಿದ್ದಂಗ ನೋಡ್ರಿ' ಅಂತ ಕಣ್ಣಾಗ ನೀರು ತಂದು ಹೇಳಿದ್ನಿ. ಎಲ್ಲಾ ಕೇಳಿಸ್ಕೊಂಡು, ಎರಡನೇ ಪ್ಲೇಟ್ ಶಿರಾ ಮುಗಿಸಿ, ಬ್ಯಾಗಿಗೆ ಕೈ ಹಾಕಿದ್ಳು.

'ಚಟ ಏನೂ ಇಲ್ಲ ಅಂತೀರಿ. ಹಂಗಾರ ಮಗನ ಹೆಸರಿಲೆ ಒಂದ ವಿಮಾ ಪಾಲಿಸಿ ಮಾಡಸೂಣಲ್ರಿ?'

ಹೂಂ

ಅವತ್ತಿಂದ ಯಾರ ಸಂಗಾಟನೂ ಮಾತ ಬ್ಯಾಡ ಅಂತ ಠರಾಯಿಸಿದ್ನಿ. ವೈರ್ ಇಲ್ಲದ್ದನ್ನ ಎರಡೂ ಕಿವಿಗೆ ಹಾಕಿ, ತಲಿ ಮ್ಯಾಲ ಸೆರಗ ಹೊತ್ತು, ಹಾಡು ಜೋರ ಮಾಡಿ ಹೊಲಿಯಾಕತ್ನಿ.

ಒಂದಿನ ಮಧ್ಯಾಹ್ನ ಒಬ್ಬ ಅಜ್ಜಿ ಹರದ ಜಂಪರ್ ತಂದ ಕೊಟ್ಟು, ಹೊಲಿಯೂ ತನಕ ಇಲ್ಲೇ ಕುಂದರತೇನಿ ಅಂತ ಕೈಸನ್ನಿ ಮಾಡಿ ಕುಂತ್ಳು. ವಯಸ್ಸಾದ ಜೀವ, ಆಕಿ ಮ್ಯಾಲ ಸಂಶೇ ಬರಲಿಲ್ಲ. ಆಕಿ ಬಾಯಿ ಒಂದ ಸವನ ಆಡತಿತ್ತು. ಬಾಯಿ ನಿಂತಾಗೊಮ್ಮೆ ನಾ 'ಹೂಂ' ಅಂತಿದ್ನಿ. ದೊಡ್ಡವರಿಗೆ ಮರ್ಯಾದಿ ಕೊಡಬೇಕಲ್ರಿ.

ಎರಡ ದಿನದಾಗ ರಾಮದುರ್ಗದಿಂದ ಹುಡುಗಿ ಅಪ್ಪಂದು ಫೋನ್ ಬಂತು, ಯಜಮಾನರು ಎತ್ತಿದ್ರು. 'ನಮ್ಮವ್ವ ಬಂದ ನೋಡಿ ಹೋಗ್ಯಾಳ್ರಿ. ನಿಮ್ಮ ಓಣಿ ಮಂದಿ ಬಗ್ಗೆ ಬೇಕಂತ ಕೆದರಿ ಕೆದರಿ ಕೇಳಿದ್ರೂ ಬೀಗತಿ ಒಬ್ಬರ ಸುದ್ದಿ ಆಡಲಿಲ್ಲಂತ. ಭಾಳ ಗಂಭೀರ ಮನಿಷ್ಯಾಳಂತ. ನಮಗ ಒಪ್ಪಿಗಿ ಐತ್ರಿ.'

ಯಜಮಾನರು ಫೋನ್ ಇಟ್ಟು ನನ್ನ ಮಾರಿ ನೋಡಿದ್ರು. 'ಆ ಅಜ್ಜಿ ಯಾರ ಮನಿಗೆ ಹೋಗಿದ್ಳಂತ ಕೇಳಬೇಕಿತ್ತು' ಅಂದ್ರು.

ನಿಶ್ಚಯದ ದಿನ ರಾಮದುರ್ಗಕ್ಕ ಹೋದ್ರ ಅದ ಅಜ್ಜಿ ಬಾಗಲದಾಗ ನಿಂತಾಳ. ಒಳಗ ಕರಕೊಂಡ ಹೋಗಿ, ಒಂದ ದೊಡ್ಡ ಗಂಟ ತಂದು ನನ್ನ ಮುಂದ ಬಿಚ್ಚಿದ್ಳು. ತುಂಬ ಜಂಪರ್ ಪೀಸು.

'ಮದುವಿಗೆ ನಮ್ಮ ಕಡೆ ಹೆಣ್ಮಕ್ಕಳದ್ದೆಲ್ಲಾ ನೀವ ಹೊಲೀರಿ ಅಂತ ಅವತ್ತ ಕೇಳಿದ್ನಲ್ಲಾ. ಹೂಂ ಅಂದ್ರಿ. ಎರಡ ಸರತಿ ಕೇಳಿದ್ನಿ, ಎರಡೂ ಸರತಿ ಹೂಂ ಅಂದ್ರಿ. ಎಷ್ಟ ದೊಡ್ಡ ಮನಸ್ಸು.'

ಕೇಳಿಸಲಿಲ್ಲ ಅನ್ನಬೇಕಂದ್ರ, ಯಾಕ ಕೇಳಿಸಲಿಲ್ಲ ಅಂತ ಹೇಳಬೇಕು. ಹೇಳಿದ್ರ ನನ್ನ ಗಂಭೀರತನ ಅಲ್ಲೇ ಮುಗೀತು. ಅತ್ತಲಾಗ ಮಗ ಹೊಸಾ ಅಂಗಿ ಹಾಕ್ಕೊಂಡು ನಗಕೋತ ಕುಂತಾನ. ಬಾಯಿ ಬಿಟ್ರ ಬಣ್ಣಗೇಡು ಅಂತ, 'ಹೂಂ ರೀ' ಅಂದು ಗಂಟ ಕಟಗೊಂಡ್ನಿ.

ಹುಡುಗಿ ಬಂದು ಕಾಲಿಗೆ ಬಿದ್ಳು. ಏಳೂ ಮುಂದ ಮೆತ್ತಗ ಕೇಳಿದ್ಳು, 'ಅತ್ತ್ಯಾರ, ಅವತ್ತ ಹಾಕ್ಕೊಂಡದ್ದು ವೈರ್ ಇದ್ದದ್ದೋ, ಇಲ್ಲದ್ದೋ?'

ಅತ್ತಿತ್ತ ನೋಡಿ, 'ಇಲ್ಲದ್ದವಾ' ಅಂದ್ನಿ.

'ಅದ ಚೊಲೊ ರೀ. ನಮ್ಮಜ್ಜಿ ವೈರ್ ಇದ್ರ ಹಿಡೀತಾಳ.'

ಮದುವಿ ಆತು, ಜಂಪರೂ ಹೊಲದ ಮುಗಿಸಿದ್ನಿ. ಸೊಸಿ ಬಂದಾಳ. ಬಂಗಾರದಂಥಾ ಹುಡುಗಿ, ನಾ ಎಷ್ಟ ಮಾತಾಡಿದ್ರೂ 'ಹೂಂ ಅತ್ತೀ' ಅಂತಾಳ, ಒಂದ ಮಾತ ತಿರುಗಿ ಆಡಂಗಿಲ್ಲ. ಹಿಂಥಾ ಸೊಸಿ ಸಿಗಾಕ ಪುಣ್ಯಾ ಮಾಡಿರಬೇಕು ಅಂತಾರ ಓಣಿ ಮಂದಿ. ನಾ ಮಾತ್ರ ಹೂವು ಮುಡಸೂ ನೆಪಾ ಮಾಡಿ ದಿನಾ ಆಕಿ ಕೂದಲ ಸರಿಸಿ ನೋಡತೇನಿ. ಎಡಗಿವಿ ಖಾಲಿ ಇರತೈತಿ. ಬಲಗಿವಿ ಇನ್ನೂ ತೋರಿಸಿಲ್ಲ.